ಓಪನ್‌ಎಸ್‌ಎಸ್‌ಎಚ್ ಸುದ್ದಿಯಾಗುವುದು ಯಾವಾಗ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಯ ತಂತ್ರಜ್ಞಾನ ಪ್ರಶ್ನೋತ್ತರಕ್ಕೆ ತುಮಕೂರು ಜಿಲ್ಲೆಯಿಂದ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯವನ್ನು, ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶವನ್ನು, ಕುರಿತಿದ್ದುದರಿಂದ ಅವನ್ನು ಒಟ್ಟಿಗೆ ತೆಗೆದುಕೊಳ್ಳಲಾಗಿದೆ. ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನಮ್ಮ ಕಾಲೇಜಿನ ಲ್ಯಾಬಿನಲ್ಲಿರುವ ಲಿನಕ್ಸ್ ಸರ್ವರ್‌ಗೆ ಮನೆಯಿಂದ ಲಾಗಿನ್ ಆಗಲು ಹಲವು ವರ್ಷಗಳಿಂದ ಓಪನ್‌ಎಸ್‌ಎಸ್‌ಎಚ್ ಬಳಸುತ್ತಿದ್ದೇನೆ. ಪತ್ರಿಕೆಗಳಲ್ಲಿ ಅದರ ಪ್ರಸ್ತಾಪವನ್ನು ಕಂಡದ್ದು 2024ರ ಮಾರ್ಚ್ ಕೊನೆಯಲ್ಲಿ ಹಾಗೂ ಜುಲೈ ಮೊದಲ ವಾರದಲ್ಲಿ ಮಾತ್ರ, ಎರಡೂ ಸಲ ಅಪಾಯದ ಸುದ್ದಿಯಾಗಿ. ಇಷ್ಟೊಂದು ಸರ್ವರ್‌ಗಳು ನೆಚ್ಚಿಕೊಂಡಿರುವ ತಂತ್ರಾಂಶ ನಿಜವಾಗಿಯೂ ಅಷ್ಟು ದುರ್ಬಲವೇ, ಇಲ್ಲವೇ ಪತ್ರಿಕೆಗಳಿಗೆ ಅದರಲ್ಲಿ ಬೇರೇನೂ ಕಾಣುವುದಿಲ್ಲವೇ?
(ಕಂಪ್ಯೂಟರ್ ಲ್ಯಾಬ್ ಬೋಧಕರು, ತುಮಕೂರು)

ಉತ್ತರ: ತಂತ್ರಾಂಶ ದುರ್ಬಲವಲ್ಲ. ನೀವು ಓದಿದ ಆ ಎರಡು ಸುದ್ದಿಗಳು ಒಂದೇ ಬಗೆಯವೂ ಅಲ್ಲ. ಮೊದಲನೆಯದರಲ್ಲಿ ಓಪನ್‌ಎಸ್‌ಎಸ್‌ಎಚ್‌ನ ತಪ್ಪು ಏನೂ ಇರಲಿಲ್ಲ, ಎರಡನೆಯದರಲ್ಲಿ ಇತ್ತು.

2024ರ ಮಾರ್ಚ್ 29ರಂದು ಮೈಕ್ರೋಸಾಫ್ಟ್‌ನ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಬಯಲು ಮಾಡಿದ ಸಂಚು ಇದ್ದದ್ದು ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಬೇರೊಂದು ತಂತ್ರಾಂಶದಲ್ಲಿ. ತಮ್ಮ ಪರೀಕ್ಷಾ ಯಂತ್ರಕ್ಕೆ ಲಾಗಿನ್ ಆಗುವಾಗ ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದು ಅವರ ಗಮನಕ್ಕೆ ಬಂತು. ಅದರ ಬೆನ್ನು ಹತ್ತಿದಾಗ, ಜಿಯಾ ಟಾನ್ ಎಂಬ ಹೆಸರಿನಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಯೋಜನೆಗೆ ನೆರವಾಗುತ್ತಾ ನಂಬಿಕೆ ಗಳಿಸಿದ್ದ ವ್ಯಕ್ತಿಯೊಬ್ಬ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲೊಂದನ್ನು (ಗುಟ್ಟಾಗಿ ಒಳನುಸುಳುವ ದಾರಿಯನ್ನು) ಅಡಗಿಸಿಟ್ಟಿದ್ದುದು ಗೊತ್ತಾಯಿತು. ಓಪನ್‌ಎಸ್‌ಎಸ್‌ಎಚ್ ತನ್ನ ಮೂಲ ರೂಪದಲ್ಲಿ ಎಕ್ಸ್‌ಝಡ್ ಅನ್ನು ಬಳಸುವುದೇ ಇಲ್ಲ. ಕೆಲವು ಲಿನಕ್ಸ್ ವಿತರಣೆಗಳು (ಲಿನಕ್ಸ್ ಅನ್ನು ಬಳಕೆಗೆ ಸಿದ್ಧಪಡಿಸಿ ಕೊಡುವ ಬಳಗಗಳು) ಸಿಸ್ಟಮ್‌ಡಿ ಎಂಬ ವ್ಯವಸ್ಥೆಯೊಂದಿಗೆ ಹೊಂದಿಸುವ ಸಲುವಾಗಿ ತಾವೇ ಸೇರಿಸಿದ್ದ ತುಣುಕಿನ ಮೂಲಕ ಆ ಸಂಬಂಧ ಏರ್ಪಟ್ಟಿತ್ತು, ಸಂಚು ಹೂಡಿದವರು ಅದನ್ನೇ ದಾರಿ ಮಾಡಿಕೊಂಡಿದ್ದರು. ಆದರೂ ಅನೇಕ ಶೀರ್ಷಿಕೆಗಳು ಓಪನ್‌ಎಸ್‌ಎಸ್‌ಎಚ್‌ನಲ್ಲೇ ಹಿಂಬಾಗಿಲು ಸಿಕ್ಕಿತೆಂಬ ಅರ್ಥ ಬರುವಂತೆ ಇದ್ದವು. ಹೆಚ್ಚಿನ ವಿತರಣೆಗಳಲ್ಲಿ ಆ ಆವೃತ್ತಿಗಳು ಇನ್ನೂ ಪರೀಕ್ಷಾ ಹಂತದಲ್ಲಷ್ಟೇ ಇದ್ದವೆಂಬುದನ್ನೂ ತಿಳಿಸದ ವರದಿಗಳಿದ್ದವು.

ಜುಲೈ 1ರ ಸುದ್ದಿ ಹಾಗಲ್ಲ. ಕ್ವಾಲಿಸ್ ಎಂಬ ಕಂಪ್ಯೂಟರ್ ಸುರಕ್ಷತಾ ಸಂಸ್ಥೆ ಪ್ರಕಟಿಸಿದ ಆ ದೋಷ ಓಪನ್‌ಎಸ್‌ಎಸ್‌ಎಚ್‌ನದ್ದೇ ಆಗಿತ್ತು. 2006ರಲ್ಲಿ ಸರಿಪಡಿಸಿದ್ದ ದೋಷವೊಂದು, ಮುಂದೆ ಸಂಕೇತವನ್ನು (ತಂತ್ರಾಂಶದ ಕೋಡ್ ಅನ್ನು) ತಿದ್ದುವಾಗ ಅದಕ್ಕಿದ್ದ ತಡೆ ಕೈಬಿಟ್ಟುಹೋದುದರಿಂದ, 8.5ರಿಂದ 9.7ರವರೆಗಿನ ಆವೃತ್ತಿಗಳಲ್ಲಿ ಮತ್ತೆ ತಲೆಯೆತ್ತಿತ್ತು. ಅದೇ ದಿನ ಬಿಡುಗಡೆಯಾದ 9.8 ಅದನ್ನು ಮುಚ್ಚಿತು. ಹೊರಗಿನವನೊಬ್ಬ ಪಾಸ್‌ವರ್ಡ್ ಇಲ್ಲದೆಯೇ ಸರ್ವರ್‌ನ ಸಂಪೂರ್ಣ ಅಧಿಕಾರ ಪಡೆಯಬಹುದಾದ ದೋಷ ಅದು, ಆದ್ದರಿಂದ ಸುದ್ದಿಯಾದುದು ನ್ಯಾಯವೇ. ಆದರೆ ಸುದ್ದಿಯಲ್ಲಿ ಎದ್ದು ಕಂಡದ್ದು ಅಂತರ್ಜಾಲಕ್ಕೆ ತೆರೆದುಕೊಂಡಿರುವ 1 ಕೋಟಿ 40 ಲಕ್ಷ ಸರ್ವರ್‌ಗಳು ಅಪಾಯಕ್ಕೊಳಗಾಗಿರಬಹುದೆಂಬ ಅಂದಾಜು. ಕ್ವಾಲಿಸ್ ತಾನೇ ಹೇಳಿದ್ದ ಉಳಿದ ಮಾತುಗಳು ಹಿಂದೆ ಸರಿದವು: ದಾಳಿ ಸಫಲವಾಗಲು ಸರಾಸರಿ ಹತ್ತು ಸಾವಿರ ಪ್ರಯತ್ನಗಳು ಬೇಕಾದವು, 32 ಬಿಟ್ ಯಂತ್ರದಲ್ಲಿ ಅದಕ್ಕೆ ಆರರಿಂದ ಎಂಟು ಗಂಟೆ ಹಿಡಿಯಿತು, ಇಂದು ಬಹುತೇಕರು ಬಳಸುವ 64 ಬಿಟ್ ಯಂತ್ರಗಳ ಮೇಲೆ ಅದನ್ನು ಮಾಡಿ ತೋರಿಸಿರಲಿಲ್ಲ. ಅದೇ ಪ್ರಕಟಣೆ ಓಪನ್‌ಎಸ್‌ಎಸ್‌ಎಚ್ ಅನ್ನು ಜಗತ್ತಿನ ಅತ್ಯಂತ ಸುರಕ್ಷಿತ ತಂತ್ರಾಂಶಗಳಲ್ಲಿ ಒಂದೆಂದೂ ಕರೆದಿತ್ತು. ದೋಷ ಹುಡುಕಿದವರೇ ಆಡಿದ ಈ ಮೆಚ್ಚುಗೆಯ ಮಾತು ನಾನು ಓದಿದ ಹೆಚ್ಚಿನ ವರದಿಗಳಲ್ಲಿ ಇರಲಿಲ್ಲ.

ಓಪನ್‌ಎಸ್‌ಎಸ್‌ಎಚ್ ಹುಟ್ಟಿದಾಗ ಯಾರೂ ಬರೆಯಲಿಲ್ಲವೆಂದಲ್ಲ, ಬರೆದವರು ತಂತ್ರಜ್ಞಾನದ ಪತ್ರಕರ್ತರಾಗಿದ್ದರು. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್‌ಗಳನ್ನು ಕದ್ದು ಆಲಿಸಿದ ಘಟನೆಯ ನಂತರ ಅಲ್ಲಿನ ಸಂಶೋಧಕ ತಾತು ಯುಲೊನೆನ್ ಎಸ್‌ಎಸ್‌ಎಚ್ ಅನ್ನು ರೂಪಿಸಿದರು. ಅಲ್ಲಿಯವರೆಗೆ ಬಳಕೆಯಲ್ಲಿದ್ದ ಟೆಲ್‌ನೆಟ್, ಆರ್‌ಲಾಗಿನ್‌ಗಳಲ್ಲಿ ಪಾಸ್‌ವರ್ಡ್ ಯಾವ ಮರೆಯೂ ಇಲ್ಲದೆ ಜಾಲದಲ್ಲಿ ಹರಿದುಹೋಗುತ್ತಿತ್ತು. ಮೊದಲು ಮುಕ್ತವಾಗಿ ಸಿಗುತ್ತಿದ್ದ ಎಸ್‌ಎಸ್‌ಎಚ್‌ನ ಪರವಾನಗಿ, ಯುಲೊನೆನ್ ಕಂಪನಿ ಸ್ಥಾಪಿಸಿದ ಮೇಲೆ, ಆವೃತ್ತಿಯಿಂದ ಆವೃತ್ತಿಗೆ ಬಿಗಿಯಾಯಿತು. ಆಗ ಓಪನ್‌ಬಿಎಸ್‌ಡಿ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ಬಳಗದವರು ಹಳೆಯ ಮುಕ್ತ ಆವೃತ್ತಿಯಿಂದ ಬೆಳೆದುಬಂದ ಸಂಕೇತವನ್ನು ಕೈಗೆತ್ತಿಕೊಂಡು ಶುದ್ಧಗೊಳಿಸಿ, 1999ರ ಡಿಸೆಂಬರ್‌ನಲ್ಲಿ ಓಪನ್‌ಬಿಎಸ್‌ಡಿ 2.6ರ ಜೊತೆ ಓಪನ್‌ಎಸ್‌ಎಸ್‌ಎಚ್ ಎಂದು ಹೊರತಂದರು. ಲಿನಕ್ಸ್ ಮೊದಲಾದ ಇತರ ವ್ಯವಸ್ಥೆಗಳಿಗೆ ಅದನ್ನು ಹೊಂದಿಸುವ ಕೆಲಸವನ್ನು ಡೇಮಿಯನ್ ಮಿಲ್ಲರ್ ಮೊದಲಾದವರು ವಹಿಸಿಕೊಂಡರು. 2001ರ ಫೆಬ್ರವರಿಯಲ್ಲಿ, ಎಸ್‌ಎಸ್‌ಎಚ್ ತಮ್ಮ ವ್ಯಾಪಾರಮುದ್ರೆ, ಹೆಸರು ಬದಲಿಸಿ ಎಂದು ಯುಲೊನೆನ್ ಈ ಬಳಗವನ್ನು ಕೇಳಿಕೊಂಡಾಗ ತಂತ್ರಜ್ಞಾನ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಹೆಸರು ಬದಲಾಗಲಿಲ್ಲ. ಜಗಳ ಸುದ್ದಿಯಾದುದರಿಂದ ಈ ಮುಕ್ತ ತಂತ್ರಾಂಶದ ಪರಿಚಯವೇ ಇಲ್ಲದಿದ್ದ ಅನೇಕರಿಗೆ ಅದರ ಪರಿಚಯವಾದದ್ದು ಬಹುಶಃ ಆ ಕಂಪನಿ ಬಯಸಿದ್ದ ಫಲವಲ್ಲ.

ಬಳಗದವರ ನಡೆ ಟೀಕೆಗೆ ಗುರಿಯಾದ ಸಂದರ್ಭವೂ ಇದೆ. 2002ರ ಜೂನ್‌ನಲ್ಲಿ ಗಂಭೀರ ದೋಷವೊಂದು ಗೊತ್ತಾದಾಗ, ಯೋಜನೆಯ ನಾಯಕ ಥಿಯೊ ಡಿ ರಾಡ್ಟ್ ವಿವರವನ್ನು ಬಿಟ್ಟುಕೊಡದೆ, ಎಲ್ಲರೂ 3.3 ಆವೃತ್ತಿಗೆ ಬಂದು ಅಧಿಕಾರ ವಿಭಜನೆಯ (ತಂತ್ರಾಂಶದ ಹೆಚ್ಚಿನ ಭಾಗವನ್ನು ಕಡಿಮೆ ಅಧಿಕಾರದಲ್ಲಿ ನಡೆಸುವ) ಸೌಲಭ್ಯವನ್ನು ಚಾಲೂ ಮಾಡಿಕೊಳ್ಳಿ ಎಂದಷ್ಟೇ ಹೇಳಿದರು. ಕಾರಣ ಹೇಳದೆ ಆತುರಪಡಿಸಿದರೆಂದು ಹಲವರು ಸಿಡುಕಿದರು. ದಾಳಿಕೋರರಿಗೆ ಸುಳಿವು ಸಿಗುವ ಮೊದಲೇ ಜನರನ್ನು ಕಾಪಾಡುವ ಉಪಾಯ ಅದಾಗಿತ್ತೆಂದು ನನ್ನ ಅನಿಸಿಕೆ, ಆದರೆ ಒಪ್ಪದವರ ವಾದದಲ್ಲೂ ಹುರುಳಿದೆ. ತಮ್ಮ ವ್ಯವಸ್ಥೆಯಲ್ಲಿ ಹೊರಗಿನಿಂದ ನುಸುಳುವ ರಂಧ್ರ ಒಂದೂ ಇಲ್ಲವೆಂದು ಓಪನ್‌ಬಿಎಸ್‌ಡಿ ಅದುವರೆಗೆ ಹೇಳಿಕೊಳ್ಳುತ್ತಿದ್ದ ಘೋಷವಾಕ್ಯವನ್ನು ಆ ದೋಷದ ನಂತರ, ಒಂದೇ ಒಂದು ರಂಧ್ರ ಎಂದು ತಿದ್ದಿಕೊಂಡಿತು.

ಪ್ರಶ್ನೆ: ಓಪನ್‌ಎಸ್‌ಎಸ್‌ಎಚ್ ಉಚಿತವೆಂದರೆ ಮಾಡುವವರ ಹೊಟ್ಟೆಪಾಡು ಹೇಗೆ? ಹಣ ಕೊಡುವವರ ಹಿಡಿತ ಇರುವುದಿಲ್ಲವೇ?
(ನಿವೃತ್ತ ಬ್ಯಾಂಕ್ ನೌಕರರು, ಮಧುಗಿರಿ)

ಉತ್ತರ: ಬಹುಮಟ್ಟಿಗೆ ದೇಣಿಗೆಯಿಂದ. ಬಹುಕಾಲ ಓಪನ್‌ಬಿಎಸ್‌ಡಿ ಸಿಡಿಗಳನ್ನೂ ಅಂಗಿಗಳನ್ನೂ ಮಾರಿ ವೆಚ್ಚ ಸರಿದೂಗಿಸುತ್ತಿತ್ತು. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಬೇರೆ ಉದ್ಯೋಗದಲ್ಲಿದ್ದುಕೊಂಡು ಬಿಡುವಿನಲ್ಲಿ ಇದನ್ನು ಮಾಡುವವರು. ಹಿಡಿತದ ಪ್ರಶ್ನೆಗೆ 2003ರ ಪ್ರಸಂಗವೇ ಉತ್ತರ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದಿಂದ ಸುಮಾರು 20 ಲಕ್ಷ ಡಾಲರ್‌ನ ಯೋಜನೆಯೊಂದರ ಮೂಲಕ ಓಪನ್‌ಬಿಎಸ್‌ಡಿಗೆ ಹಣ ಬರುತ್ತಿತ್ತು. ಆ ವರ್ಷದ ಏಪ್ರಿಲ್‌ನಲ್ಲಿ ಕೆನಡಾದ ಗ್ಲೋಬ್ ಅಂಡ್ ಮೇಲ್ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ಡಿ ರಾಡ್ಟ್ ಇರಾಕ್ ಯುದ್ಧವನ್ನು ಟೀಕಿಸಿದರು, ಅದಾದ ಕೆಲವೇ ದಿನಗಳಲ್ಲಿ ಹಣ ನಿಂತುಹೋಯಿತು. ಆ ಸಂದರ್ಶನವೇ ಕಾರಣವೆಂದು ಅವರು ನಂಬಿದರು. ಓಪನ್‌ಎಸ್‌ಎಸ್‌ಎಚ್‌ನ ಕೆಲಸ ಮಾತ್ರ ನಿಲ್ಲಲಿಲ್ಲ.

ಪತ್ರಿಕೆಗಳಲ್ಲಿ ಬಂದ ಸುದ್ದಿ ಹಣ ತಂದುಕೊಟ್ಟದ್ದೂ ಉಂಟು. 2006ರಲ್ಲಿ ಓಪನ್‌ಬಿಎಸ್‌ಡಿ ಯೋಜನೆ ಹಣದ ಮುಗ್ಗಟ್ಟಿನಲ್ಲಿದೆಯೆಂಬ ವರದಿಗಳು ಬಂದ ಮೇಲೆ ಮೊಜಿಲ್ಲಾ ಪ್ರತಿಷ್ಠಾನ 10,000 ಡಾಲರ್ ಕೊಟ್ಟಿತು. 2014ರ ಜನವರಿಯಲ್ಲಿ, ಕ್ಯಾಲ್ಗರಿಯಲ್ಲಿರುವ ಸರ್ವರ್‌ಗಳ ಸುಮಾರು 20,000 ಡಾಲರ್ ವಿದ್ಯುತ್ ವೆಚ್ಚ ತುಂಬಲು ದಾರಿಯಿಲ್ಲವೆಂದು ಡಿ ರಾಡ್ಟ್ ಬಹಿರಂಗವಾಗಿ ಹೇಳಿಕೊಂಡರು. ಜಗತ್ತಿನ ಅಸಂಖ್ಯ ಸರ್ವರ್‌ಗಳ ಬೀಗ ತಯಾರಿಸುವವರಿಗೆ ಕರೆಂಟ್ ಬಿಲ್ ಕಟ್ಟಲು ಕಾಸಿಲ್ಲವೆಂಬ ಸುದ್ದಿ ಹರಡಿದ ಕೂಡಲೇ ದೇಣಿಗೆ ಹರಿದುಬಂತು. 2015ರಲ್ಲಿ ವಿಂಡೋಸ್‌ನಲ್ಲಿ ಓಪನ್‌ಎಸ್‌ಎಸ್‌ಎಚ್ ಅನ್ನು ಅಳವಡಿಸಿಕೊಳ್ಳುವುದಾಗಿ ಘೋಷಿಸಿದ ಮೈಕ್ರೋಸಾಫ್ಟ್ ಕೂಡ ಆ ವರ್ಷ ಓಪನ್‌ಬಿಎಸ್‌ಡಿ ಪ್ರತಿಷ್ಠಾನಕ್ಕೆ ದೊಡ್ಡ ದೇಣಿಗೆದಾರರಲ್ಲಿ ಒಂದಾಯಿತು. ಸಂಕೇತ ಯಾರು ಬೇಕಾದರೂ ಓದಬಹುದಾದ ರೀತಿಯಲ್ಲಿ ತೆರೆದಿರುವುದರಿಂದ, ಹಣ ಕೊಟ್ಟವರು ಗುಟ್ಟಾಗಿ ಏನನ್ನಾದರೂ ಸೇರಿಸಿ ದಕ್ಕಿಸಿಕೊಳ್ಳುವುದು ಸುಲಭವಲ್ಲ.

ಪ್ರಶ್ನೆ: ನಮ್ಮ ಕೊಬ್ಬರಿ ಮಂಡಿಯ ಲೆಕ್ಕ ವಿಂಡೋಸ್ ಕಂಪ್ಯೂಟರ್‌ನಲ್ಲಿದೆ, ಅದರ ಪ್ರತಿ ಬಾಡಿಗೆಗೆ ಪಡೆದ ಉಬುಂಟು ಸರ್ವರ್‌ನಲ್ಲಿದೆ. ಜುಲೈ ಸುದ್ದಿ ಓದಿ ಗಾಬರಿಯಾಗಿ ವಿಚಾರಿಸಿದರೆ, ನೋಡಿಕೊಳ್ಳುವ ಹುಡುಗ ‘ನಮ್ಮದು ಹಳೇ ವರ್ಷನ್ ಸಾರ್, ಏನೂ ಆಗಲ್ಲ’ ಎಂದ. ಹಳೆಯದಾದಷ್ಟೂ ಅಪಾಯವಲ್ಲವೇ?
(ಮಂಡಿಯೊಂದರ ಲೆಕ್ಕಿಗರು, ತಿಪಟೂರು)

ಉತ್ತರ: ಆ ಒಂದು ದೋಷದ ಮಟ್ಟಿಗೆ ಹುಡುಗ ಹೇಳಿದ್ದು ಸರಿಯಿರಬಹುದು. ಉಬುಂಟು 20.04ರಲ್ಲಿ ಇರುವುದು 8.2 ಆವೃತ್ತಿ, ಅದಕ್ಕೆ ಈ ದೋಷ ತಟ್ಟುವುದಿಲ್ಲ. 22.04ರಲ್ಲಿರುವ 8.9ಕ್ಕೆ ತಟ್ಟುತ್ತದೆ, ಆದರೆ ಉಬುಂಟುವಿನವರು ಆವೃತ್ತಿಯ ಮುಖ್ಯ ಸಂಖ್ಯೆಯನ್ನು ಹಾಗೆಯೇ ಉಳಿಸಿ ಒಳಗಿನ ದೋಷವನ್ನಷ್ಟೇ ಸರಿಪಡಿಸಿ ಕೊಟ್ಟಿರುವುದರಿಂದ, 8.9 ಎಂದು ಕಂಡ ಮಾತ್ರಕ್ಕೆ ಅಪಾಯವಿದೆಯೆಂದು ತಿಳಿಯಬಾರದು, ಇತ್ತೀಚಿನ ಅಪ್‌ಡೇಟ್‌ಗಳು ಬಂದಿವೆಯೇ ಎಂದು ನೋಡಬೇಕು. ಇತ್ತ 20.04ಕ್ಕೆ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಲ್ಲಿ ಮುಗಿದಿರುವುದರಿಂದ, ಜುಲೈ ದೋಷಕ್ಕಲ್ಲದಿದ್ದರೂ ಮುಂದಿನ ದೋಷಗಳಿಗಾಗಿ ಅದನ್ನು ಬದಲಿಸಿಕೊಳ್ಳುವುದು ಒಳ್ಳೆಯದು. ವಿಂಡೋಸ್ 10ರಲ್ಲಿ 2018ರಿಂದ ಓಪನ್‌ಎಸ್‌ಎಸ್‌ಎಚ್ ಇದೆಯಾದರೂ ತಾನಾಗಿ ಬರುವುದು ಬೇರೆ ಯಂತ್ರಕ್ಕೆ ಲಾಗಿನ್ ಆಗಲು ಬೇಕಾದ ಭಾಗ ಮಾತ್ರ, ಹೊರಗಿನವರನ್ನು ಒಳಗೆ ಬಿಡುವ ಸರ್ವರ್ ಭಾಗವನ್ನು ನೀವೇ ಹಾಕಿಕೊಳ್ಳದಿದ್ದರೆ ಅದು ಅಲ್ಲಿ ಇರುವುದಿಲ್ಲ.

ಪತ್ರಿಕೆಗಳು ಬರೆಯದ ಅಪಾಯವೊಂದನ್ನೂ ಹೇಳಬೇಕು. ಅಂತರ್ಜಾಲದಲ್ಲಿ 22ನೆಯ ಪೋರ್ಟ್ (ಎಸ್‌ಎಸ್‌ಎಚ್ ಬಳಸುವ ಸಂಪರ್ಕದ ಬಾಗಿಲು) ತೆರೆದಿರುವ ಸರ್ವರ್‌ನ ದಾಖಲೆಯನ್ನು ತೆರೆದು ನೋಡಿದರೆ, ಎಲ್ಲೆಲ್ಲಿಂದಲೋ ಯಂತ್ರಗಳು ಹಗಲಿರುಳೂ ಪಾಸ್‌ವರ್ಡ್ ಊಹಿಸುತ್ತಿರುವುದು ಕಾಣುತ್ತದೆ. ಅಪರೂಪದ ದೋಷಕ್ಕಿಂತ ಸಣ್ಣ ಊರಿನ ಸರ್ವರ್‌ಗಳು ಕೈತಪ್ಪುವುದು ಇಂಥ ಊಹೆಗೆ ಸಿಗುವ ಪಾಸ್‌ವರ್ಡ್‌ಗಳಿಂದ. ಮಂಡಿಯ ಹೆಸರಿನ ಮುಂದೆ ಇಸವಿ ಸೇರಿಸಿದ ಪಾಸ್‌ವರ್ಡ್ ಇದ್ದರೆ ಮೊದಲು ಅದನ್ನು ತೆಗೆಸಿ. ಪಾಸ್‌ವರ್ಡ್ ಲಾಗಿನ್ ಅನ್ನೇ ನಿಲ್ಲಿಸಿ, ಪಾಸ್‌ವರ್ಡ್ ಬದಲು ಬಳಸುವ ಕೀಲಿ ಕಡತಗಳ ಜೋಡಿಯಿಂದ ಮಾತ್ರ ಪ್ರವೇಶ ಸಿಗುವಂತೆ ಮಾಡಲು ಆ ಹುಡುಗನಿಗೇ ಹೇಳಿ. ಅದು ಅರ್ಧ ಗಂಟೆಯ ಕೆಲಸ.

ಪ್ರಶ್ನೆ: ನಾನು ಪತ್ರಿಕೋದ್ಯಮದ ವಿದ್ಯಾರ್ಥಿನಿ. ಇಂಥ ವಿಷಯವನ್ನು ನಮ್ಮ ಜಿಲ್ಲೆಯ ಪತ್ರಿಕೆಗೆ ಬರೆಯಬೇಕೆಂದರೆ, ದೋಷ ಹೊರಬೀಳುವವರೆಗೆ ಕಾಯಬೇಕೇ?
(ವಿದ್ಯಾರ್ಥಿನಿ, ಶಿರಾ)

ಉತ್ತರ: ಬೇಕಿಲ್ಲ, ಆದರೆ ದೋಷದ ಸುದ್ದಿಯನ್ನು ಸರಿಯಾಗಿ ಬರೆಯುವುದನ್ನು ಕಲಿಯುವುದೂ ಸಣ್ಣ ಕೆಲಸವಲ್ಲ. ಯಾರ ಸಂಕೇತದಲ್ಲಿ ದೋಷವಿದೆ, ಯಾವ ಆವೃತ್ತಿಗಳಿಗೆ ತಟ್ಟುತ್ತದೆ, ತಿದ್ದಿದ್ದು ಯಾವಾಗ ಎಂಬ ಮೂರನ್ನೂ ಮೊದಲ ಎರಡು ಪ್ಯಾರಾಗಳಲ್ಲಿ ಹೇಳದ ವರದಿ ಓದುಗರನ್ನು ಹೆದರಿಸುತ್ತದೆಯೇ ಹೊರತು ಅವರಿಗೆ ನೆರವಾಗುವುದಿಲ್ಲ. 2014ರ ಏಪ್ರಿಲ್‌ನಲ್ಲಿ, ಜಾಲತಾಣಗಳ ಸಂಪರ್ಕವನ್ನು ಗೂಢಗೊಳಿಸುವ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ದೋಷ ಸಿಕ್ಕಾಗ ಓಪನ್‌ಎಸ್‌ಎಸ್‌ಎಚ್‌ಗೂ ಅದು ತಟ್ಟಿತೆಂದು ಗೊಂದಲಪಟ್ಟವರು ಬಹಳ. ಎರಡೂ ಬೇರೆ ಬೇರೆ ತಂಡಗಳ ಕೆಲಸ. ಹಾರ್ಟ್‌ಬ್ಲೀಡ್ ಇದ್ದ ಟಿಎಲ್‌ಎಸ್ ಭಾಗವನ್ನು ಓಪನ್‌ಎಸ್‌ಎಸ್‌ಎಚ್ ಬಳಸುವುದೇ ಇಲ್ಲ. ಸಂಶೋಧಕರ ಮೂಲ ಪ್ರಕಟಣೆಯನ್ನೂ ಯೋಜನೆಯ ಬಿಡುಗಡೆ ಟಿಪ್ಪಣಿಯನ್ನೂ ಓದಿ ಬರೆದಿದ್ದರೆ ಈ ಗೊಂದಲ ಆಗುತ್ತಿರಲಿಲ್ಲ.

ದೋಷವಿಲ್ಲದ ಸುದ್ದಿ ಬೇಕೆಂದರೆ ಒಂದು ಸಿದ್ಧವಾಗಿಯೇ ಇದೆ. ಮುಂದೊಂದು ದಿನ ಬರಬಹುದಾದ ಶಕ್ತಿಶಾಲಿ ಕ್ವಾಂಟಮ್ ಕಂಪ್ಯೂಟರ್‌ಗಳು ಇಂದಿನ ಗೂಢಲಿಪಿಯನ್ನು ಒಡೆಯಬಲ್ಲವೆಂಬ ಆತಂಕದಿಂದ, ಇಂದೇ ದತ್ತಾಂಶವನ್ನು ಕದ್ದು ಕೂಡಿಟ್ಟುಕೊಂಡು ಆಮೇಲೆ ಬಿಡಿಸಿಕೊಳ್ಳುವ ಪ್ರಯತ್ನಕ್ಕೆ ಅಡ್ಡಿಯಾಗುವಂತೆ, ಓಪನ್‌ಎಸ್‌ಎಸ್‌ಎಚ್ 2022ರ ಏಪ್ರಿಲ್‌ನಲ್ಲಿ ಬಂದ 9.0 ಆವೃತ್ತಿಯಲ್ಲೇ ಹೊಸ ಬಗೆಯ ಕೀಲಿ ವಿನಿಮಯವನ್ನು (ಎರಡು ಯಂತ್ರಗಳು ಗುಟ್ಟಿನ ಕೀಲಿಯೊಂದನ್ನು ಗೊತ್ತುಮಾಡಿಕೊಳ್ಳುವ ಕ್ರಮವನ್ನು) ತಾನಾಗಿ ಚಾಲೂ ಇರುವಂತೆ ಮಾಡಿತು. 2025ರ ಏಪ್ರಿಲ್‌ನ 10.0ರಲ್ಲಿ ಅದರ ಜಾಗಕ್ಕೆ ಅಮೆರಿಕದ ಮಾನಕ ಸಂಸ್ಥೆ ಅನುಮೋದಿಸಿರುವ ವಿಧಾನವನ್ನು ಆಧರಿಸಿದ ವಿನಿಮಯ ಬಂದಿದೆ. ಬಳಕೆದಾರರು ಏನೂ ಮಾಡಬೇಕಿಲ್ಲ, ಲಾಗಿನ್ ಆಗುವ ಎರಡೂ ಕಡೆ ಹೊಸ ಆವೃತ್ತಿ ಇದ್ದರೆ ಸಾಕು. ತುಮಕೂರಿನ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ಗಳಲ್ಲಿ ಯಾವ ಆವೃತ್ತಿ ಇದೆ, ಅಲ್ಲಿನ ಬೋಧಕರು ಈ ಬದಲಾವಣೆಯನ್ನು ಗಮನಿಸಿದ್ದಾರೆಯೇ ಎಂದು ವಿಚಾರಿಸಿದರೆ ಜಿಲ್ಲೆಯ ಓದುಗರಿಗೂ ಹತ್ತಿರವಾಗುವ ವರದಿ ನಿಮ್ಮ ಕೈಯಲ್ಲಿರುತ್ತದೆ. ಯಂತ್ರದಲ್ಲಿ ಎಸ್‌ಎಸ್‌ಎಚ್ ಎಂದು ಟೈಪಿಸಿ, ಜಾಗ ಬಿಟ್ಟು, ಅಡ್ಡಗೆರೆಯೊಂದಿಗೆ ದೊಡ್ಡಕ್ಷರದ ವಿ ಒತ್ತಿದರೆ ಆವೃತ್ತಿಯ ಸಂಖ್ಯೆ ತೆರೆಯ ಮೇಲೆ ಬರುತ್ತದೆ. ಬರೆದು ಮುಗಿಸಿದ ಮೇಲೆ ಒಂದು ಪ್ರತಿಯನ್ನು ನಮಗೂ ಕಳುಹಿಸಿ.