ಲೂಪ್ ಅದಲುಬದಲು ಮಾಡಿದರೆ ಒಂದು ದಿನ ವೇಗ, ಮರುದಿನ ಇಲ್ಲ: ಯಾಕೆ?

ಪ್ರಶ್ನೆ: ಕಂಪೈಲರ್ ಮೇಲೆ ಎಂ.ಟೆಕ್ ಪ್ರಾಜೆಕ್ಟ್. ಮಳೆಗಾಲದ ರಜೆಗೆ ಶಿರಸಿಯ ಮನೆಯಲ್ಲಿದ್ದೇನೆ. ಮ್ಯಾಟ್ರಿಕ್ಸ್ ಗುಣಾಕಾರದ ಲೂಪ್ ಕ್ರಮ ಬದಲಿಸಿದ ಲಾಭ ದಿನಕ್ಕೊಂದು ಥರ ಬರುತ್ತಿದೆ.

ಉತ್ತರ: ಮೊದಲು ಕರೆಂಟ್ ನೋಡಿ. ಬ್ಯಾಟರಿಯಲ್ಲಿ ಓಡುವಾಗ ಪ್ರೊಸೆಸರ್ ಸಾಮಾನ್ಯವಾಗಿ ವೇಗ ಇಳಿಸುತ್ತದೆ. ಆ ಅಳತೆ ಲೆಕ್ಕಕ್ಕಿಲ್ಲ. ಚಾರ್ಜರ್ ಹಾಕಿ, ಗವರ್ನರ್ (ಪ್ರೊಸೆಸರ್ ವೇಗ ನಿರ್ಧರಿಸುವ ಸೆಟ್ಟಿಂಗ್) ಅನ್ನು ಪರ್ಫಾರ್ಮೆನ್ಸ್‌ಗೆ ಇಟ್ಟು, ಟರ್ಬೊ (ಆಗಾಗ ವೇಗ ಏರಿಸುವ ಸೌಲಭ್ಯ) ಆಫ್ ಮಾಡಿ, ಪ್ರೋಗ್ರಾಮನ್ನು ಲಿನಕ್ಸ್‌ನ ಟಾಸ್ಕ್‌ಸೆಟ್ ಕಮಾಂಡ್‌ನಿಂದ ಒಂದೇ ಕೋರ್‌ಗೆ ಕಟ್ಟಿಹಾಕಿ. ಹದಿನೈದು ಸಲ ಓಡಿಸಿ ನಡುವಿನ ಬೆಲೆ (ಮೀಡಿಯನ್) ತೆಗೆದುಕೊಳ್ಳಿ, ಸರಾಸರಿ ಬೇಡ.

ಇನ್ನು ಅಸಲು ವಿಷಯ. ಕ್ಯಾಶ್ ಅಂದರೆ ಪ್ರೊಸೆಸರ್ ಒಳಗಿನ ಚಿಕ್ಕ, ವೇಗದ ಮೆಮೊರಿ; ಅದಕ್ಕೆ ಡೇಟಾ ಬರುವುದು ಒಂದೊಂದು ಸಾಲಾಗಿ. ಹೆಚ್ಚಿನ ಪ್ರೊಸೆಸರ್‌ಗಳಲ್ಲಿ ಈ ಕ್ಯಾಶ್ ಸಾಲು 64 ಬೈಟ್, ಅಂದರೆ 8 ಡಬಲ್ (8 ಬೈಟ್‌ನ ದಶಮಾಂಶ ಸಂಖ್ಯೆ). ಲೂಪ್‌ಗಳು ಹೊರಗಿನಿಂದ ಒಳಕ್ಕೆ ಐ-ಜೆ-ಕೆ ಕ್ರಮದಲ್ಲಿದ್ದರೆ ಎರಡನೇ ಮ್ಯಾಟ್ರಿಕ್ಸನ್ನು ಕಂಬಸಾಲಿನಲ್ಲಿ ಓದುತ್ತೀರಿ. ತಂದ ಎಂಟರಲ್ಲಿ ಬಳಕೆ ಒಂದೇ. ಐ-ಕೆ-ಜೆ ಮಾಡಿದರೆ ಎಂಟೂ ಬಳಕೆಯಾಗುತ್ತವೆ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಮರದಿಂದ ಮರಕ್ಕೆ ದಾಟುವುದಕ್ಕೂ, ಪ್ರತಿ ಮರ ಇಳಿದು ಹತ್ತುವುದಕ್ಕೂ ಇರುವಷ್ಟೇ ವ್ಯತ್ಯಾಸ.

ಆದರೆ 256ರ ಗಾತ್ರದಲ್ಲಿ ಮೂರೂ ಮ್ಯಾಟ್ರಿಕ್ಸ್ ಸೇರಿ 1.5 ಎಂಬಿ, ಕ್ಯಾಶ್‌ನಲ್ಲೇ ಕೂತು ವ್ಯತ್ಯಾಸ ಮಸುಕಾಗಬಹುದು. 1024ಕ್ಕೆ 24 ಎಂಬಿ. ಅಲ್ಲೂ ಒಂದು ಗುಂಡಿ ಇದೆ: ಆಗ ಮ್ಯಾಟ್ರಿಕ್ಸ್‌ನ ಒಂದು ಸಾಲು 8192 ಬೈಟ್; ಅಷ್ಟು ಅಂತರದ ವಿಳಾಸಗಳೆಲ್ಲ 32 ಕೆಬಿಯ, 8 ದಾರಿಯ ಎಲ್1ನಲ್ಲಿ (ಪ್ರೊಸೆಸರ್‌ಗೆ ಅತಿ ಹತ್ತಿರದ ಕ್ಯಾಶ್) ಎಂಟೇ ಸಾಲು ಹಿಡಿಸುವ ಒಂದೇ ಸೆಟ್‌ಗೆ ಬಂದು ಒಂದನ್ನೊಂದು ಹೊರದೂಡುತ್ತವೆ. ಹಾಗಾಗಿ 1000 ಮತ್ತು 1030ಕ್ಕೂ ಅಳೆಯಿರಿ.

ಜಿಸಿಸಿ ಕಂಪೈಲರ್‌ನ 8ನೇ ಆವೃತ್ತಿಯಿಂದ ಓ3 ಆಪ್ಟಿಮೈಸೇಶನ್ ಹಂತದಲ್ಲಿ ಲೂಪ್ ಇಂಟರ್‌ಚೇಂಜ್ (ಲೂಪ್ ಅದಲುಬದಲು) ತಾನಾಗಿಯೇ ಚಾಲೂ ಇರುತ್ತದೆ. ಅದನ್ನು ಆಫ್ ಮಾಡದೆ ಹೋಲಿಸಿದರೆ ನಿಮ್ಮ ಕೆಲಸವನ್ನು ಕಂಪೈಲರ್ ಆಗಲೇ ಮಾಡಿರಬಹುದು. ಫಲಿತಾಂಶದ ಮೊತ್ತವನ್ನು ಪ್ರಿಂಟ್ ಮಾಡಿ, ಇಲ್ಲವಾದರೆ ಇಡೀ ಲೂಪನ್ನೇ ಅದು ಅಳಿಸಿಹಾಕಬಹುದು.