ಮನೆ ಲೆಕ್ಕಕ್ಕೆ ಯಾವ ಸಾಫ್ಟ್‌ವೇರ್ ಅಂತ ಹುಡುಕುವ ಮೊದಲು ನಿಮ್ಮ ಎಫ್‌ಡಿಗೆ ಒಂದು ಖಾತೆ ತೆರೆಯಿರಿ

ಇಬ್ಬರ ಸಂಬಳ, ಒಂದು ಹೋಮ್ ಲೋನ್, ಎರಡು ಕ್ರೆಡಿಟ್ ಕಾರ್ಡ್, ಒಂದಷ್ಟು ಎಫ್‌ಡಿ, ಮನೆಯಲ್ಲೊಂದು ವಿಂಡೋಸ್ ಕಂಪ್ಯೂಟರ್. ಬ್ಯಾಂಕಿನಿಂದ ಎಲ್ಲವನ್ನೂ ತಾನೇ ಎಳೆದುಕೊಂಡು ಲೆಕ್ಕ ಇಡುವ ಸಾಫ್ಟ್‌ವೇರ್ ಯಾವುದು, ಗ್ನುಕ್ಯಾಶ್ ಕಷ್ಟವಾ, ಎಕ್ಸೆಲ್ ಸಾಕಾ, ಟ್ಯಾಲಿ ಜಾಸ್ತಿಯಾಯ್ತಾ ಅಂತ ಕೇಳಿದ್ದೀರಿ. ನಾನೂ ಇದನ್ನೇ ಕೇಳಿಕೊಂಡು ಓಡಾಡಿದವನು. ಅಂಥದ್ದೇ ಒಂದು ಸಾಫ್ಟ್‌ವೇರ್ ಸಿಕ್ಕಿತು, ಅದನ್ನು ಪೂರ್ತಿ ನಂಬಿದೆ, ಕೊನೆಗೆ ಆದಾಯ ತೆರಿಗೆಗೆ ಬಡ್ಡಿ ಸಮೇತ ದುಡ್ಡು ಕಟ್ಟಿದೆ.

ಅದು ಬರೀ ಜಮಾ-ಖರ್ಚು ಬರೆಯುವ ಸಣ್ಣ ಸಾಫ್ಟ್‌ವೇರ್. ಹೆಸರು ಬೇಡ, ಅದರ ತಪ್ಪೇನೂ ಇಲ್ಲ. ತಿಂಗಳಿಗೊಮ್ಮೆ ನೆಟ್‌ಬ್ಯಾಂಕಿಂಗ್‌ನಿಂದ ಸ್ಟೇಟ್‌ಮೆಂಟ್ ಇಳಿಸಿ ಅದರೊಳಗೆ ಸೇರಿಸುತ್ತಿದ್ದೆ. ಒಂದೊಂದು ಸಾಲಿಗೂ ದಿನಸಿ, ಪೆಟ್ರೋಲ್, ಸ್ಕೂಲ್ ಫೀಸು, ಕರೆಂಟ್ ಬಿಲ್ಲು ಅಂತ ಒಂದು ಗುಂಪು ಕೊಡುತ್ತಿದ್ದೆ. ಕೊನೆಯ ಶಿಲ್ಕು ಬ್ಯಾಂಕಿನದ್ದಕ್ಕೆ ಪೈಸೆ ಬಿಡದೆ ತಾಳೆಯಾಗುತ್ತಿತ್ತು. ಅದನ್ನು ನೋಡಿ ನೋಡಿ ಲೆಕ್ಕ ಪಕ್ಕಾ ಅನ್ನುವ ಧೈರ್ಯ ಬಂದುಬಿಟ್ಟಿತ್ತು.

2023ರ ಏಪ್ರಿಲ್‌ನಲ್ಲಿ ಅಪ್ಪ ತಮ್ಮ ನಿವೃತ್ತಿಯ ದುಡ್ಡಿನಲ್ಲಿ 10 ಲಕ್ಷ ನನ್ನ ಹೆಸರಿಗೆ ಕೊಟ್ಟರು. ಅದನ್ನು ಮೂರು ವರ್ಷಕ್ಕೆ 7% ಬಡ್ಡಿಗೆ ಎಫ್‌ಡಿ ಇಟ್ಟೆ. ಕ್ಯುಮುಲೇಟಿವ್ ಎಫ್‌ಡಿ, ಅಂದರೆ ಬಡ್ಡಿ ಕೈಗೆ ಬರುವುದಿಲ್ಲ, ಅಸಲಿಗೇ ಸೇರುತ್ತಾ ಹೋಗುತ್ತದೆ. ಆ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಉಳಿತಾಯ ಖಾತೆಯಿಂದ 10 ಲಕ್ಷ ಹೊರಗೆ ಹೋದ ಒಂದು ಸಾಲು ಇತ್ತು. ಅದಕ್ಕೂ ಒಂದು ಗುಂಪು ಕೊಡಬೇಕಲ್ಲ, 'ಉಳಿತಾಯ' ಅಂತ ಹಾಕಿ ಮುಂದೆ ಹೋದೆ.

ನನ್ನ ತಪ್ಪು ಆ ಒಂದು ಕ್ಲಿಕ್. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇದನ್ನೇ ಮಾಡುವ ಸಾಧ್ಯತೆ ಜಾಸ್ತಿ.

'ಉಳಿತಾಯ' ಅನ್ನುವುದು ಆ ಸಾಫ್ಟ್‌ವೇರಿನಲ್ಲಿ ಒಂದು ಖರ್ಚಿನ ಗುಂಪು, ಪೆಟ್ರೋಲಿನ ಪಕ್ಕದಲ್ಲಿ ಕೂತಿರುವ ಇನ್ನೊಂದು ಹೆಸರು. ಅದರ ಪ್ರಕಾರ ಆ 10 ಲಕ್ಷ ಖರ್ಚಾಗಿ ಹೋಯಿತು. ಆ ದುಡ್ಡು ಬ್ಯಾಂಕಿನಲ್ಲೇ ಇದೆ, ಬೆಳೆಯುತ್ತಿದೆ ಅನ್ನುವುದನ್ನು ಹೇಳಲು ನನ್ನ ಪುಸ್ತಕದಲ್ಲಿ ಜಾಗವೇ ಇರಲಿಲ್ಲ. ಬಡ್ಡಿ ಎಫ್‌ಡಿಯ ಒಳಗೇ ಸೇರುತ್ತಿದ್ದರಿಂದ ಉಳಿತಾಯ ಖಾತೆಯ ಸ್ಟೇಟ್‌ಮೆಂಟಿನಲ್ಲಿ ಅದು ಬರಲೇ ಇಲ್ಲ. ವರ್ಷದ ಬಡ್ಡಿ 40 ಸಾವಿರ ದಾಟಿದ್ದರಿಂದ ಆಗಿನ ನಿಯಮದ ಪ್ರಕಾರ ಬ್ಯಾಂಕು 10% ಟಿಡಿಎಸ್, ಅಂದರೆ ಬಡ್ಡಿಯಲ್ಲೇ ಮುರಿದು ಇಲಾಖೆಗೆ ಕಟ್ಟುವ ತೆರಿಗೆ, ಹಿಡಿದಿತ್ತು. ಅದನ್ನೂ ಎಫ್‌ಡಿಯ ಒಳಗಿನಿಂದಲೇ ಹಿಡಿದಿತ್ತು, ಹಾಗಾಗಿ ಅದೂ ನನಗೆ ಕಾಣಲಿಲ್ಲ. ನಾನು ಸೇರಿಸಿದ ಸ್ಟೇಟ್‌ಮೆಂಟಿನಲ್ಲಿ ಒಂದು ಸಾಲೂ ತಪ್ಪಿರಲಿಲ್ಲ. ಆದರೆ ಎಫ್‌ಡಿಯ ಸ್ಟೇಟ್‌ಮೆಂಟೇ ಬೇರೆ, ಅದನ್ನು ನಾನು ತರಿಸಿಯೇ ಇರಲಿಲ್ಲ.

2024ರ ಜುಲೈನಲ್ಲಿ ರಿಟರ್ನ್ ತುಂಬಲು ಕೂತೆ. ಪೋರ್ಟಲ್‌ನಲ್ಲಿ ಬಡ್ಡಿಯ ಜಾಗದಲ್ಲಿ ಮೊದಲೇ ಒಂದು ಮೊತ್ತ ತುಂಬಿ ಬಂದಿತ್ತು. ಉಳಿತಾಯ ಖಾತೆಯ ಬಡ್ಡಿ ಬಿಟ್ಟು ಇನ್ನೂ 71 ಸಾವಿರ ಚಿಲ್ಲರೆ. ನನ್ನ ಪುಸ್ತಕದಲ್ಲಿ ಉಳಿತಾಯ ಖಾತೆಯ ಬಡ್ಡಿ ಮಾತ್ರ ಇತ್ತು. ನನಗೆ ಅನುಮಾನ ಬಂದದ್ದು ಪೋರ್ಟಲ್ ಮೇಲೆ, ಪುಸ್ತಕದ ಮೇಲಲ್ಲ. ಅಮ್ಮನ ಜೊತೆ ನನ್ನದೊಂದು ಜಂಟಿ ಠೇವಣಿ ಇತ್ತು, ಅದರ ಬಡ್ಡಿ ನನ್ನ ಪ್ಯಾನ್‌ಗೆ ಬಿದ್ದಿರಬೇಕು ಅಂದುಕೊಂಡೆ. ಅವರು ತುಂಬಿದ್ದನ್ನು ಅಳಿಸಿ ನನ್ನ ಪುಸ್ತಕದ ಮೊತ್ತ ಹಾಕಿದೆ. ಟಿಡಿಎಸ್ ಕಾಲಂ ಮುಟ್ಟಲಿಲ್ಲ. ಏಳು ಸಾವಿರದಷ್ಟು ರಿಫಂಡೂ ಬಂತು.

ಮುಂದಿನ ಜನವರಿಯಲ್ಲಿ ಇಲಾಖೆಯಿಂದ ಮೆಸೇಜ್ ಬಂತು: ನೀವು ತೋರಿಸಿದ ಆದಾಯಕ್ಕೂ ನಮ್ಮಲ್ಲಿರುವ ಮಾಹಿತಿಗೂ ತಾಳೆಯಾಗುತ್ತಿಲ್ಲ. ಅಷ್ಟೊತ್ತಿಗೆ ರಿವೈಸ್ಡ್ ರಿಟರ್ನ್, ಅಂದರೆ ತಿದ್ದಿದ ರಿಟರ್ನ್, ಹಾಕುವ ಅವಧಿ ಮುಗಿದಿತ್ತು; ಆ ವರ್ಷ ಅದನ್ನು ಡಿಸೆಂಬರ್ 31ರಿಂದ ಜನವರಿ 15ಕ್ಕೆ ಮುಂದೂಡಿದ್ದರು, ಅದೂ ಕಳೆದಿತ್ತು. ಉಳಿದಿದ್ದು ಅಪ್‌ಡೇಟೆಡ್ ರಿಟರ್ನ್ ಒಂದೇ, ಅಂದರೆ ಅವಧಿ ಮುಗಿದ ಮೇಲೆ ಹೆಚ್ಚುವರಿ ತೆರಿಗೆ ಕಟ್ಟಿ ಹಾಕುವಂಥದ್ದು. 30% ಸ್ಲ್ಯಾಬ್, ಮೇಲೆ 4% ಸೆಸ್ ಅಂದರೆ 71 ಸಾವಿರ ಚಿಲ್ಲರೆಗೆ ಸುಮಾರು 22 ಸಾವಿರ ತೆರಿಗೆ. ಮುಂಗಡ ತೆರಿಗೆ ಕಟ್ಟದ್ದಕ್ಕೆ ತಿಂಗಳಿಗೆ 1% ಲೆಕ್ಕದಲ್ಲಿ ಬಡ್ಡಿ. ಈ ತೆರಿಗೆ, ಬಡ್ಡಿ ಎರಡೂ ಸೇರಿದ ಮೊತ್ತದ ಮೇಲೆ ಇನ್ನೊಂದು 25% ಹೆಚ್ಚುವರಿ ತೆರಿಗೆ. ಜುಲೈನಲ್ಲಿ ಮೊದಲೇ ತುಂಬಿ ಬಂದಿದ್ದ ಮೊತ್ತವನ್ನು ಹಾಗೇ ಬಿಟ್ಟಿದ್ದರೆ ಟಿಡಿಎಸ್ ಕಳೆದು ಹದಿನೈದು ಸಾವಿರದ ಆಸುಪಾಸಿನಲ್ಲಿ, ಒಂದಿಷ್ಟು ಬಡ್ಡಿ ಸೇರಿ, ಮುಗಿಯುತ್ತಿತ್ತು.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 'ತಾನೇ ಎಳೆದುಕೊಳ್ಳುವ' ಸಾಫ್ಟ್‌ವೇರ್ ಹುಡುಕಬೇಡಿ. ಮೊದಲನೆಯದಾಗಿ, ನಮ್ಮಲ್ಲಿ ಮನೆ ಕಂಪ್ಯೂಟರಿಗೆ ಅದು ಸಿಗುವುದೇ ಇಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆ, ಅಂದರೆ ನಿಮ್ಮ ಒಪ್ಪಿಗೆ ಪಡೆದು ಬ್ಯಾಂಕಿನ ಮಾಹಿತಿಯನ್ನು ಬೇರೆ ಸಂಸ್ಥೆಗೆ ಕಳಿಸುವಂಥದ್ದು, ಬಂತು ನಿಜ. ಆದರೆ ಅದರಲ್ಲಿ ನಿಮ್ಮ ಮಾಹಿತಿ ಹೋಗುವುದು ಆರ್‌ಬಿಐ, ಸೆಬಿಯಂಥ ನಿಯಂತ್ರಕರ ಅಡಿಯಲ್ಲಿರುವ ಸಂಸ್ಥೆಗಳಿಗೆ. ನೀವು ಮನೆಯಲ್ಲಿ ಹಾಕಿಕೊಂಡ ಸಾಫ್ಟ್‌ವೇರಿಗೆ ಅಲ್ಲ. ಎಸ್‌ಎಂಎಸ್ ಓದುವ ಆ್ಯಪ್‌ಗಳಿವೆ, ಆದರೆ ಎಫ್‌ಡಿ ಒಳಗೆ ಬಡ್ಡಿ ಸೇರಿತು ಅಂತ ನನಗಂತೂ ಒಂದು ಮೆಸೇಜೂ ಬಂದಿರಲಿಲ್ಲ. ಎರಡನೆಯದು, ತಾನಾಗಿ ಬಂದದ್ದನ್ನು ನಾವು ಕಣ್ಣಿಟ್ಟು ನೋಡುವುದಿಲ್ಲ. ಸ್ಟೇಟ್‌ಮೆಂಟ್ ಸುಲಭವಾಗಿ ಒಳಗೆ ಬಂತು ಅಂದ ಮಾತ್ರಕ್ಕೆ ಮನೆಯ ಎಲ್ಲ ದುಡ್ಡೂ ಒಳಗೆ ಬಂತು ಅಂದುಕೊಂಡವನು ನಾನು.

ನನ್ನ ಸಲಹೆ ಗ್ನುಕ್ಯಾಶ್. ದುಡ್ಡು ಕೊಡಬೇಕಾಗಿಲ್ಲ, 1998ರಿಂದ ಇದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಕಷ್ಟವಾ ಅಂದರೆ, ಮೊದಲ ಕೆಲವು ದಿನ ಹೌದು. ಅದರಲ್ಲಿ ಪ್ರತಿ ನಮೂದಿಗೂ ದುಡ್ಡು ಯಾವ ಖಾತೆಯಿಂದ ಹೋಯಿತು, ಯಾವ ಖಾತೆಗೆ ಬಂತು ಅಂತ ಎರಡೂ ಕಡೆ ಹೇಳಬೇಕು. ಹೇಳದಿದ್ದರೆ ಆ ಮೊತ್ತವನ್ನು ಅದು 'ಇಂಬ್ಯಾಲೆನ್ಸ್' ಅನ್ನುವ ಖಾತೆಗೆ ತಳ್ಳಿ ನಿಮ್ಮ ಕಣ್ಣೆದುರೇ ಇಡುತ್ತದೆ. ನನಗೆ ಬೇಕಿದ್ದದ್ದು ಈ ಹಠವೇ.

ಈಗ ನನ್ನ ಎಫ್‌ಡಿ ಅದರಲ್ಲಿ ಹೇಗಿದೆ ನೋಡಿ. ಇಟ್ಟ ದಿನ: ಉಳಿತಾಯ ಖಾತೆಯಿಂದ 10,00,000 ಹೊರಗೆ, ಎಫ್‌ಡಿ ಖಾತೆಗೆ 10,00,000 ಒಳಗೆ. ಖರ್ಚು ಸೊನ್ನೆ. ಮಾರ್ಚ್ 31ಕ್ಕೆ ಬ್ಯಾಂಕಿನ ಬಡ್ಡಿ ಸರ್ಟಿಫಿಕೇಟ್ ಮುಂದಿಟ್ಟುಕೊಂಡು ಇನ್ನೊಂದು ನಮೂದು, ಮೂರು ಸಾಲಿನದ್ದು: ಬಡ್ಡಿ ಆದಾಯ 71,859, ಅದರಲ್ಲಿ ಟಿಡಿಎಸ್ ಖಾತೆಗೆ 7,186, ಉಳಿದ 64,673 ಎಫ್‌ಡಿ ಖಾತೆಗೆ. (ಮೂರು ತಿಂಗಳಿಗೊಮ್ಮೆ ಬಡ್ಡಿ ಸೇರುವ ಲೆಕ್ಕ ಇದು, ಟಿಡಿಎಸ್ ಯಾವಾಗ ಹಿಡಿದರು ಅನ್ನುವುದರ ಮೇಲೆ ನಿಮ್ಮ ಸರ್ಟಿಫಿಕೇಟಿನಲ್ಲಿ ಕೆಲವು ರೂಪಾಯಿ ಆಚೀಚೆ ಆಗಬಹುದು. ಸರ್ಟಿಫಿಕೇಟಿನಲ್ಲಿ ಇರುವುದನ್ನೇ ಬರೆಯಿರಿ.) ಎಫ್‌ಡಿ ಒಂದು ಖಾತೆಯಾಗಿ ಪರದೆಯ ಮೇಲೆ ಕೂತಿದ್ದರೆ, ವರ್ಷವಿಡೀ ಅದರ ಮೊತ್ತ ಅಲ್ಲಾಡದೇ ಇರುವುದು ಕಣ್ಣಿಗೆ ಬೀಳುತ್ತದೆ. ಬಡ್ಡಿ ಎಲ್ಲಿ ಅಂತ ನೀವೇ ಕೇಳುತ್ತೀರಿ.

ಎಫ್‌ಡಿ ಒಂದೇ ಅಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ ಕೊಟ್ಟ ಅಡ್ವಾನ್ಸ್ ಖರ್ಚಲ್ಲ, ಓನರ್ ಹತ್ತಿರ ಇರುವ ನಿಮ್ಮ ದುಡ್ಡು. ಅದಕ್ಕೊಂದು ಖಾತೆ. ಭಾವಮೈದನಿಗೆ ಕೊಟ್ಟ ಕೈಸಾಲಕ್ಕೊಂದು ಖಾತೆ. ಕಟ್ಟುತ್ತಿರುವ ಚೀಟಿಗೊಂದು ಖಾತೆ. ಕ್ರೆಡಿಟ್ ಕಾರ್ಡು ಸಾಲದ ಖಾತೆ: ಉಜ್ಜಿದ ದಿನವೇ ಖರ್ಚು, ಬಿಲ್ಲು ಕಟ್ಟಿದ್ದು ಬರೀ ವರ್ಗಾವಣೆ. ಎರಡನ್ನೂ ಖರ್ಚು ಅಂತ ಬರೆದರೆ ಒಂದೇ ಸೀರೆಗೆ ಎರಡು ಸಲ ದುಡ್ಡು ಕೊಟ್ಟ ಹಾಗೆ ಪುಸ್ತಕ ತೋರಿಸುತ್ತದೆ.

ಹೋಮ್ ಲೋನಿನ ಕಂತನ್ನಂತೂ ಒಂದೇ ಸಾಲಿನಲ್ಲಿ ಬರೆಯಲೇಬೇಡಿ. 30 ಲಕ್ಷ ಸಾಲ, 8.5% ಬಡ್ಡಿ, 20 ವರ್ಷ ಅಂದರೆ ಕಂತು ಸುಮಾರು 26,035. ಮೊದಲ ತಿಂಗಳು ಅದರಲ್ಲಿ 21,250 ಬಡ್ಡಿಗೆ ಹೋಗುತ್ತದೆ, ಸಾಲ ಕಡಿಮೆಯಾಗುವುದು 4,785 ಮಾತ್ರ. ಬಡ್ಡಿ ಖರ್ಚಿಗೆ, ಅಸಲು ಸಾಲದ ಖಾತೆಗೆ ಅಂತ ಒಡೆದು ಬರೆಯಿರಿ. ಹೀಗೆ ಬರೆಯಲು ಶುರು ಮಾಡಿದ ಮೇಲೇ ನನ್ನ ಹೆಂಡತಿ ಬೋನಸ್ ಬಂದಾಗಲೆಲ್ಲ ಸಾಲಕ್ಕೆ ಒಂದಿಷ್ಟು ಹೆಚ್ಚಿಗೆ ಕಟ್ಟೋಣ ಅಂತ ಪಟ್ಟು ಹಿಡಿದದ್ದು.

ನಿಮ್ಮ ಪಟ್ಟಿಯ ಉಳಿದವುಗಳ ಬಗ್ಗೆ ಹೆಚ್ಚು ಹೇಳಲ್ಲ. ಟ್ಯಾಲಿ ಒಳ್ಳೆಯ ಸಾಫ್ಟ್‌ವೇರ್, ಆದರೆ ಅದು ಅಂಗಡಿ, ಕಂಪನಿಗಳಿಗೆ. ಮನೆಗೆ ಬೇಡ. ಎಕ್ಸೆಲ್‌ನಲ್ಲಿ ನೀವು ಅರ್ಧ ಬರೆದರೂ ಅದು ಸುಮ್ನೆ ಒಪ್ಪಿಕೊಳ್ಳುತ್ತದೆ, ಅದಕ್ಕೇ ಬೇಡ. ಗ್ನುಕ್ಯಾಶ್ ಹಿಡಿಸಲೇ ಇಲ್ಲ ಅಂದರೆ ಹೋಮ್‌ಬ್ಯಾಂಕ್ ನೋಡಿ, ಅದೂ ಉಚಿತ, ಖಾತೆಯಿಂದ ಖಾತೆಗೆ ವರ್ಗಾವಣೆ ಬರೆಯಬಹುದು. ಯಾವುದೇ ಆಗಲಿ, ದಾಖಲೆ ಹೊರಗೆ ತೆಗೆಯಲು ಬರಬೇಕು. ಮೈಕ್ರೋಸಾಫ್ಟ್‌ನಂಥ ಕಂಪನಿಯೇ ತನ್ನ ಮನೆ ಲೆಕ್ಕದ ಸಾಫ್ಟ್‌ವೇರ್ 'ಮನಿ'ಯ ಮಾರಾಟವನ್ನು 2009ರಲ್ಲಿ ನಿಲ್ಲಿಸಿತು. ಅಮೆರಿಕದಲ್ಲಿ ಜನ ವರ್ಷಗಟ್ಟಲೆ ಬಳಸಿದ 'ಮಿಂಟ್' 2024ರ ಮಾರ್ಚ್‌ನಲ್ಲಿ ಮುಚ್ಚಿತು, ಅದು ಎಲ್ಲವನ್ನೂ ತಾನೇ ಎಳೆದುಕೊಳ್ಳುವಂಥದ್ದೇ ಆಗಿತ್ತು.

ಸ್ಟೇಟ್‌ಮೆಂಟ್ ಇಳಿಸಿ ಸೇರಿಸುವುದನ್ನು ಬಿಡಬೇಕು ಅಂತ ನಾನು ಹೇಳುತ್ತಿಲ್ಲ, ನಾನೂ ಮಾಡುತ್ತೇನೆ. ಆದರೆ ಬ್ಯಾಂಕಿನಿಂದ ಇಳಿಸಿದ ಸ್ಟೇಟ್‌ಮೆಂಟಿನ ಸಿಎಸ್‌ವಿ ಫೈಲನ್ನು (ಬರೀ ಅಕ್ಷರ, ಅಂಕಿಗಳ ಸಾಲುಗಳಿರುವ ಫೈಲು) ಮೊದಲು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡಿ. ನಿಮ್ಮ ವಿಂಡೋಸ್ ಅಮೆರಿಕದ ತಾರೀಖಿನ ಕ್ರಮದಲ್ಲಿದ್ದರೆ 03/04 ಅನ್ನುವುದು ಏಪ್ರಿಲ್ 3 ಹೋಗಿ ಮಾರ್ಚ್ 4 ಆಗುತ್ತದೆ. ಹಣಕಾಸು ವರ್ಷವೇ ಬದಲಾಗುತ್ತದೆ. 25/04ನ್ನು ಅದಕ್ಕೆ ತಾರೀಖು ಅಂತ ಗುರುತಿಸಲು ಆಗದೆ ಹಾಗೇ ಬಿಡುತ್ತದೆ. ತಾರೀಖಿನ ಕಾಲಂ ನೋಡಿ: ಕೆಲವು ಎಡಕ್ಕೆ, ಕೆಲವು ಬಲಕ್ಕೆ ಅಂಟಿಕೊಂಡಿದ್ದರೆ ಎಕ್ಸೆಲ್ ಕೈಯಾಡಿಸಿದೆ ಅಂತಲೇ ಲೆಕ್ಕ. ಇಳಿಸಿದ ಫೈಲನ್ನು ನೇರ ಗ್ನುಕ್ಯಾಶ್‌ಗೆ ಕೊಡಿ, ಅಲ್ಲಿ ತಾರೀಖಿನ ಕ್ರಮವನ್ನು ದಿನ-ತಿಂಗಳು-ವರ್ಷ ಅಂತ ಆರಿಸಿ.

ಆಮೇಲೆ ತಿಂಗಳಿಗೊಮ್ಮೆ ರೀಕನ್ಸೈಲ್. ಬ್ಯಾಂಕಿನ ಕೊನೆಯ ಶಿಲ್ಕು ಹಾಕಿ, ಒಂದೊಂದೇ ಸಾಲಿಗೆ ಟಿಕ್ ಮಾಡುತ್ತಾ ವ್ಯತ್ಯಾಸ ಸೊನ್ನೆಗೆ ತರುವ ಕೆಲಸ. ಮುಗಿದ ಸಾಲುಗಳ ಎದುರು 'ಎನ್' ಹೋಗಿ 'ವೈ' ಬರುತ್ತದೆ. ಇದನ್ನು ಉಳಿತಾಯ ಖಾತೆಗೆ ಮಾತ್ರ ಮಾಡಿ ನಿಲ್ಲಿಸಬೇಡಿ. ಕಾರ್ಡಿಗೂ ತಿಂಗಳಿಗೊಮ್ಮೆ ಮಾಡಿ. ಲೋನಿಗೂ ಎಫ್‌ಡಿಗೂ ಕೊನೇಪಕ್ಷ ವರ್ಷಕ್ಕೊಮ್ಮೆ, ಮಾರ್ಚ್ ಮುಗಿದ ಮೇಲೆ. ರಿಟರ್ನ್ ತುಂಬುವ ಮುಂಚೆ ಇಲಾಖೆಯ ಎಐಎಸ್ (ನಿಮ್ಮ ಪ್ಯಾನ್ ಮೇಲೆ ಇಲಾಖೆಗೆ ಬಂದಿರುವ ಆದಾಯದ ಮಾಹಿತಿಯ ಪಟ್ಟಿ) ಇಳಿಸಿ ಬಡ್ಡಿಯ ಸಾಲುಗಳನ್ನು ನಿಮ್ಮ ಪುಸ್ತಕದ ಪಕ್ಕ ಇಟ್ಟು ನೋಡಿ. ಎರಡೂ ಬೇರೆ ಬೇರೆ ಇದ್ದರೆ ಯಾವುದನ್ನೂ ಅಳಿಸುವ ಮುಂಚೆ ಬ್ಯಾಂಕಿನ ಸರ್ಟಿಫಿಕೇಟ್ ತರಿಸಿ.

ಫೈಲನ್ನು ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೆ ಹಾಕಿ. ನೀವಿಬ್ಬರೂ ಒಂದೇ ಹೊತ್ತಿಗೆ ಅದೇ ಫೈಲನ್ನು ತೆರೆಯಬೇಡಿ, ಗ್ನುಕ್ಯಾಶ್ ಅದಕ್ಕೆ ಮಾಡಿದ್ದಲ್ಲ. ಫೈಲ್ ಎಲ್ಲಿದೆ, ಕಂಪ್ಯೂಟರಿನ ಪಾಸ್‌ವರ್ಡ್ ಏನು ಅನ್ನುವುದು ಇಬ್ಬರಿಗೂ ಗೊತ್ತಿರಲಿ.

ಹಳೇ ವರ್ಷಗಳದ್ದನ್ನೆಲ್ಲ ಬರೆಯಲು ಹೋಗಬೇಡಿ, ಸುಸ್ತಾಗಿ ಅರ್ಧಕ್ಕೇ ಬಿಡುತ್ತೀರಿ. ಬರುವ ಒಂದನೇ ತಾರೀಖಿನಿಂದ ಶುರು ಮಾಡಿ. ಅದಕ್ಕೂ ಮುಂಚೆ ಒಂದು ಭಾನುವಾರ ಇಬ್ಬರೂ ಕೂತು ಒಂದು ಹಾಳೆಯಲ್ಲಿ ದುಡ್ಡು ಎಲ್ಲೆಲ್ಲಿದೆ, ಯಾರಿಗೆಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು ಅಂತ ಬರೆಯಿರಿ. ಪಾಸ್‌ಬುಕ್, ಎಫ್‌ಡಿ ರಸೀದಿ, ಲೋನಿನ ಸ್ಟೇಟ್‌ಮೆಂಟ್ ಎಲ್ಲವನ್ನೂ ಹೊರಗೆ ತೆಗೆಯಿರಿ. ಹಾಳೆಯ ಪ್ರತಿ ಸಾಲಿಗೂ ಒಂದು ಖಾತೆ, ಅದರ ಆರಂಭದ ಶಿಲ್ಕು. ಆ ಹಾಳೆ ತುಂಬಿದ ಮೇಲೂ ಯಾವುದನ್ನು ಖಾತೆ ಮಾಡಬೇಕು, ಯಾವುದನ್ನು ಖರ್ಚು ಮಾಡಬೇಕು ಅಂತ ಗೊಂದಲವಾದರೆ ಮೊತ್ತಗಳನ್ನು ಬಿಟ್ಟು ಬರೀ ಹೆಸರುಗಳ ಪಟ್ಟಿಯನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.