ಕಾಟ್ಸ್‌ವೋಲ್ಡ್ಸ್ ಹಳ್ಳಿಯಲ್ಲಿ ಜಾಗ ಕೊಳ್ಳುವ ಮೊದಲು

ಇಂಗ್ಲೆಂಡಿನ ಸ್ವಿಂಡನ್ ಪಟ್ಟಣದಲ್ಲಿ ಕೆಲಸ ಸಿಕ್ಕಿದ್ದಕ್ಕೆ ಅಭಿನಂದನೆ. ನೀವು ಬರೆದದ್ದು ಇಷ್ಟು: ಹತ್ತಿರದ ಕಾಟ್ಸ್‌ವೋಲ್ಡ್ಸ್ ಗುಡ್ಡಸಾಲಿನ ಹಳ್ಳಿಯಲ್ಲಿ ಒಂದು ಹಳೇ ಕಲ್ಲಿನ ಮನೆ ಮಾರಾಟಕ್ಕಿದೆ. ಜೊತೆಗೆ ಮುಕ್ಕಾಲು ಎಕರೆ ಹುಲ್ಲುಗಾವಲು, ಒಂದು ತಗಡಿನ ಕೊಟ್ಟಿಗೆ. ಕೊಟ್ಟಿಗೆಯನ್ನು ಅಪ್ಪ ಅಮ್ಮನಿಗೆ ಮನೆ ಮಾಡುವುದು, ಮುಂದೆ ಹುಲ್ಲುಗಾವಲಿನಲ್ಲಿ ಎರಡು ಮನೆ ಕಟ್ಟಿ ಮಾರಿ ಸಾಲ ತೀರಿಸುವುದು ನಿಮ್ಮ ಲೆಕ್ಕ. ಜಾಗ ನಮ್ಮದೇ ಆದ ಮೇಲೆ ಕೌನ್ಸಿಲ್‌ಗೆ (ಇಲ್ಲಿನ ಸ್ಥಳೀಯ ಆಡಳಿತಕ್ಕೆ) ಫೀಸು ಕಟ್ಟಿದರೆ ಸಾಕಲ್ವಾ, ಭಾರತದವರು ಅಂತ ಹಳ್ಳಿಯವರು ಅಡ್ಡ ಹಾಕುತ್ತಾರಾ ಅಂತ ಕೇಳಿದ್ದೀರಿ.

ಫೀಸು ಕಟ್ಟಿದರೆ ಸಾಕಾಗುವುದಿಲ್ಲ. ಆ ದುಡ್ಡು ಅರ್ಜಿಯನ್ನು ಓದುವುದಕ್ಕೆ ಮಾತ್ರ. ಟೌನ್ ಅಂಡ್ ಕಂಟ್ರಿ ಪ್ಲಾನಿಂಗ್ ಕಾಯ್ದೆ 1947ರಲ್ಲಿ ಬಂದು, 1948ರ ಜುಲೈ 1ರಿಂದ ಜಾರಿಯಾಯಿತು. ಅಂದಿನಿಂದ ಇಲ್ಲಿ ಜಮೀನು ಒಡೆಯನದೇ, ಆದರೆ ಅದರ ಮೇಲೆ ಹೊಸದಾಗಿ ಕಟ್ಟಬೇಕಾದರೆ ಒಪ್ಪಿಗೆ ಬೇಕು. ನಮ್ಮ ಕಡೆ ಡಿಸಿ ಕನ್ವರ್ಷನ್ ಮಾಡಿಸದೆ ರೆವಿನ್ಯೂ ಸೈಟಿನಲ್ಲಿ ಮನೆ ಕಟ್ಟಿ, ಅಕ್ರಮ-ಸಕ್ರಮಕ್ಕೆ ಕಾಯುತ್ತಾ ಕೂತವರನ್ನು ನೀವೂ ನೋಡಿದ್ದೀರಿ. ಆ ಧೈರ್ಯ ಇಲ್ಲಿ ಬೇಡ. ಸರ್ರೆ ಕೌಂಟಿಯಲ್ಲಿ ಒಬ್ಬ ರೈತ ಹುಲ್ಲಿನ ಪಿಂಡಿಗಳ ಗೋಡೆ ಎಬ್ಬಿಸಿ, ಅದರ ಹಿಂದೆ ಗುಟ್ಟಾಗಿ ಕೋಟೆಯಂಥ ಮನೆ ಕಟ್ಟಿಸಿದ. ನಾಲ್ಕು ವರ್ಷ ಯಾರೂ ಕೇಳದಿದ್ದರೆ ಮನೆ ಸಕ್ರಮ ಅನ್ನುವ ನಿಯಮ ಆಗ ಇತ್ತು. ಅಷ್ಟು ಕಾಲ ಕಾದು 2006ರಲ್ಲಿ ಪಿಂಡಿ ತೆಗೆದ. ಕೌನ್ಸಿಲ್ ಬಿಡಲಿಲ್ಲ. ವರ್ಷಗಟ್ಟಲೆ ಕೋರ್ಟು ಅಲೆದು, ಕೊನೆಗೆ 2016ರಲ್ಲಿ ಆ ಮನೆಯನ್ನು ಕೆಡವಲೇಬೇಕಾಯಿತು. ಈಗ ಆ ನಾಲ್ಕು ವರ್ಷವೂ ಇಲ್ಲ. 2024ರ ಏಪ್ರಿಲ್ 25ರಿಂದ ಇಂಗ್ಲೆಂಡಿನಲ್ಲಿ ಅದು ಹತ್ತು ವರ್ಷ ಆಗಿದೆ. ಬೇಕೆಂದೇ ಮುಚ್ಚಿಟ್ಟಿದ್ದರೆ ಹತ್ತು ವರ್ಷ ಕಳೆದ ಮೇಲೂ ಕ್ರಮ ಕೈಗೊಳ್ಳಬಹುದು.

ಇನ್ನು ಕೊಟ್ಟಿಗೆ. ಏಜೆಂಟು "ಕ್ಲಾಸ್ ಕ್ಯೂ ಇದೆ, ಸುಲಭ" ಅಂದರು ಅಂತ ಬರೆದಿದ್ದೀರಿ. ಈ ಮಾತಿಗೇ ನಾನು ಇಷ್ಟು ಉದ್ದ ಬರೆಯಲು ಕೂತಿದ್ದು. ಕ್ಲಾಸ್ ಕ್ಯೂ ಅಂದರೆ ಬೇಸಾಯದ ಕಟ್ಟಡವನ್ನು ಪೂರ್ತಿ ಪ್ಲಾನಿಂಗ್ ಅರ್ಜಿ ಇಲ್ಲದೆ, ಚಿಕ್ಕದೊಂದು ಒಪ್ಪಿಗೆ ಪಡೆದು ಮನೆ ಮಾಡಿಕೊಳ್ಳುವ ದಾರಿ. 2014ರಲ್ಲಿ ಬಂತು, 2024ರಲ್ಲಿ ಹತ್ತು ಮನೆಗಳವರೆಗೆ ಹಿಗ್ಗಿಸಿದರು. ಆದರೆ ನ್ಯಾಷನಲ್ ಪಾರ್ಕ್, ಕನ್ಸರ್ವೇಷನ್ ಏರಿಯಾ (ಹಳೇ ಚಹರೆ ಕಾಪಾಡಲು ಗುರುತಿಸಿದ ಊರಿನ ಭಾಗ) ಮತ್ತು ವಿಶೇಷ ಸೌಂದರ್ಯದ ಪ್ರದೇಶ ಅಂತ ಗುರುತಿಸಿದ ಕಡೆ ಅದು ನಡೆಯುವುದಿಲ್ಲ. ಕಾಟ್ಸ್‌ವೋಲ್ಡ್ಸ್ 1966ರಿಂದ ಅಂಥ ಪ್ರದೇಶ. 2023ರಲ್ಲಿ ಇಂಥ ಪ್ರದೇಶಗಳಿಗೆಲ್ಲ ನ್ಯಾಷನಲ್ ಲ್ಯಾಂಡ್‌ಸ್ಕೇಪ್ ಅಂತ ಹೆಸರು ಬಂತು, ಕಟ್ಟುನಿಟ್ಟು ಬದಲಾಗಲಿಲ್ಲ. ಆ ಹಳ್ಳಿ ಗಡಿಯ ಒಳಗಿದ್ದರೆ ಕ್ಲಾಸ್ ಕ್ಯೂ ಮರೆತುಬಿಡಿ. ಹೊರಗಿದ್ದರೂ, ಇರುವ ಚೌಕಟ್ಟೇ ಮನೆಯ ಭಾರ ಹೊರುವಂತಿರಬೇಕು. ತುಕ್ಕು ಹಿಡಿದ ನಾಲ್ಕು ಕಂಬ ಬಿಟ್ಟು ಉಳಿದದ್ದೆಲ್ಲ ಹೊಸದಾಗಿ ಕಟ್ಟಿದರೆ ಅದನ್ನು ಪರಿವರ್ತನೆ ಅಂತ ಒಪ್ಪುವುದಿಲ್ಲ.

ಅಪ್ಪ ಅಮ್ಮನ ವಿಷಯಕ್ಕೆ ಬೇರೆ ದಾರಿ ಇದೆ. ವಿಸಿಟರ್ ವೀಸಾದಲ್ಲಿ ಬಂದರೆ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳು ಇರಬಹುದು. ಅಷ್ಟಕ್ಕೆ ಬೇರೆ ಮನೆ ಯಾಕೆ? ಮನೆಗೇ ಅಂಟಿಸಿ ನೆಲಮಟ್ಟದಲ್ಲಿ ಒಂದು ಕೋಣೆ, ಬಚ್ಚಲು ಕೇಳಿ. ಅದಕ್ಕೆ ಒಪ್ಪಿಗೆ ಸಿಗುವ ಸಾಧ್ಯತೆ ಜಾಸ್ತಿ. ತೋಟದ ಮೂಲೆಯಲ್ಲಿ ಮರದ ಕೋಣೆ ಇಟ್ಟುಕೊಳ್ಳಲು ಎಷ್ಟೋ ಮನೆಗಳಿಗೆ ಒಪ್ಪಿಗೆಯೇ ಬೇಡ ಅನ್ನುವುದು ನಿಜ. ಆದರೆ ಅದು ಓದಲು, ವ್ಯಾಯಾಮಕ್ಕೆ, ಸಾಮಾನು ಇಡಲು. ಹಾಸಿಗೆ, ಅಡುಗೆ ಒಲೆ ಇಟ್ಟು ಯಾರನ್ನಾದರೂ ವಾಸಕ್ಕೆ ಬಿಟ್ಟರೆ ಆ ವಿನಾಯಿತಿ ಸಿಗುವುದಿಲ್ಲ. ಮನೆ ಲಿಸ್ಟೆಡ್ ಆಗಿದ್ದರೆ, ಅಂದರೆ ಪಾರಂಪರಿಕ ಕಟ್ಟಡಗಳ ಸರ್ಕಾರಿ ಪಟ್ಟಿಯಲ್ಲಿ ಸೇರಿದ್ದರೆ, ಆ ಕೋಣೆಗೂ ಅರ್ಜಿ ಹಾಕಬೇಕು.

ಲಿಸ್ಟೆಡ್ ಹೌದೋ ಅಲ್ಲವೋ ಅನ್ನುವುದು ಎಲ್ಲಕ್ಕಿಂತ ಮುಖ್ಯ. ಆ ಕಡೆಯ ಹಳೇ ಕಲ್ಲಿನ ಮನೆಗಳಲ್ಲಿ ಗ್ರೇಡ್ 2 ಲಿಸ್ಟ್ ಆದವು ಬಹಳ. ಒಳಗಿನ ಮೆಟ್ಟಿಲು, ಒಲೆಯ ಗೂಡು, ತೊಲೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಒಪ್ಪಿಗೆ ಇಲ್ಲದೆ ಅಂಥವನ್ನು ಕಿತ್ತು ಬದಲಿಸಿದರೆ ಅದು ಅಪರಾಧ. ಹಿಂದಿನ ಮಾಲೀಕರು ಮರದ ಕಿಟಕಿ ಕಿತ್ತು ಪ್ಲಾಸ್ಟಿಕ್ ಹಾಕಿದ್ದರೆ, ಅದನ್ನು ಮೊದಲಿನಂತೆ ಮಾಡಿ ಅನ್ನುವ ನೋಟಿಸು ನಿಮಗೆ ಬರಬಹುದು. ಇದಕ್ಕೆ ಹತ್ತು ವರ್ಷದ ಮಿತಿಯೂ ಇಲ್ಲ. ಮನೆ ನೋಡಲು ಹೋದಾಗ ಕಿಟಕಿ ಚೌಕಟ್ಟನ್ನು ಕೈಯಿಂದ ಮುಟ್ಟಿ ನೋಡಿ.

ಹುಲ್ಲುಗಾವಲಿನಲ್ಲಿ ಎರಡು ಮನೆ ಅನ್ನುವ ಲೆಕ್ಕ ಸಾಲದ ಹಾಳೆಯಿಂದ ತೆಗೆದುಹಾಕಿ. ಅನೇಕ ಕೌನ್ಸಿಲ್‌ಗಳು ಹಳ್ಳಿಯ ಸುತ್ತ ನಕ್ಷೆಯಲ್ಲಿ ಒಂದು ಗೆರೆ ಎಳೆದಿರುತ್ತವೆ. ಒಳಗಿದ್ದರೆ ಮಾತಾಡಬಹುದು, ಹೊರಗಿದ್ದರೆ ಅದು ಬಯಲು, ಮನೆಗೆ ಒಪ್ಪಿಗೆ ಸಿಗುವುದು ಕಷ್ಟ. ಅಲ್ಲಿ ಹುಲ್ಲು ಕತ್ತರಿಸಿ ಮಕ್ಕಳ ಜೋಕಾಲಿ ಹಾಕಿ ತೋಟ ಮಾಡಿಕೊಳ್ಳುವುದಕ್ಕೂ ಒಪ್ಪಿಗೆ ಬೇಕಾಗುತ್ತದೆ. ಆದರೂ ಮಾರುವವರು ಮುಂದೊಂದು ದಿನ ಕಟ್ಟಬಹುದು ಅನ್ನುವ ಆಸೆಯನ್ನೂ ಬೆಲೆಯಲ್ಲಿ ಸೇರಿಸುತ್ತಾರೆ. ಹುಲ್ಲಿಗೆ ಹುಲ್ಲಿನ ಬೆಲೆ ಮಾತ್ರ ಕೊಡಿ. ಓವರೇಜ್ ಷರತ್ತು ಇದೆಯಾ ಅಂತ ಸಾಲಿಸಿಟರ್ (ಜಾಗದ ಪತ್ರ ನೋಡುವ ವಕೀಲರು) ಹತ್ತಿರ ಕೇಳಿ. ಇದ್ದರೆ ಮುಂದೆ ಒಪ್ಪಿಗೆ ಸಿಕ್ಕಿ ಬೆಲೆ ಏರಿದಾಗ ಅದರಲ್ಲಿ ಒಂದು ಪಾಲು ಹಳೇ ಮಾಲೀಕರಿಗೆ ಹೋಗುತ್ತದೆ. ಗೇಟಿಗೂ ರಸ್ತೆಗೂ ನಡುವಿನ ಪಟ್ಟಿ ಯಾರದು, ಹಳೇ ಪತ್ರದಲ್ಲಿ ಕಟ್ಟಬಾರದು ಅಂತ ಏನಾದರೂ ಬರೆದಿದೆಯಾ, ಸೆಪ್ಟಿಕ್ ಟ್ಯಾಂಕಿನ ನೀರು ಎಲ್ಲಿಗೆ ಹೋಗುತ್ತದೆ, ಇವನ್ನೂ ಕೇಳಿ.

ಈಗ ಹಳ್ಳಿಯವರು. ಅರ್ಜಿ ಹಾಕಿದ ಮೇಲೆ ಕಂಬಕ್ಕೆ ನೋಟಿಸು ಕಟ್ಟುತ್ತಾರೆ, ಇಲ್ಲವೇ ಅಕ್ಕಪಕ್ಕದವರಿಗೆ ಕಾಗದ ಬರುತ್ತದೆ. 21 ದಿನ ಯಾರು ಬೇಕಾದರೂ ಅಭಿಪ್ರಾಯ ಬರೆಯಬಹುದು. ಅದು ಎಲ್ಲರಿಗೂ ಕಾಣುತ್ತದೆ. ನಮ್ಮ ಹಳ್ಳಿಯಲ್ಲಿ ಒಬ್ಬರು ತೋಟದ ಹಿಂದೆ ಒಂದು ಮನೆಗೆ ಅರ್ಜಿ ಹಾಕಿದ್ದರು. ಅವರ ಮುತ್ತಜ್ಜನೂ ಇದೇ ಊರಿನವನು. ಪ್ಯಾರಿಷ್ ಕೌನ್ಸಿಲ್ (ನಮ್ಮ ಗ್ರಾಮ ಪಂಚಾಯಿತಿಯಂಥದ್ದು) ಸಭೆಯಲ್ಲಿ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಸುರುಳಿಯಾಗದಂತೆ ಮೂಲೆಗೊಂದು ಟೀ ಕಪ್ಪು ಇಟ್ಟಿದ್ದರು. ಒಬ್ಬ ಹಿರಿಯ ಹೆಂಗಸು ಎದ್ದು, ಗೇಟು ತಿರುವಿನಲ್ಲಿದೆ, ಹಾಲಿನ ಟ್ಯಾಂಕರ್ ಬಂದರೆ ಎದುರಿನ ಕಾರು ಕಾಣುವುದಿಲ್ಲ ಅಂದರು. ಇನ್ನೊಬ್ಬರು ಜೋರು ಮಳೆಗೆ ಚರಂಡಿ ಉಕ್ಕಿ ತಮ್ಮ ಅಡುಗೆಮನೆ ಬಾಗಿಲವರೆಗೆ ನೀರು ಬಂದ ಫೋಟೋ ತೋರಿಸಿದರು. ಬಾವಲಿಗಳ ಮಾತೂ ಬಂತು. ಹಳೇ ಕಟ್ಟಡದಲ್ಲಿ ಬಾವಲಿ ಇರುವ ಸಂಶಯ ಬಂದರೆ ಅದರ ಸರ್ವೆ ಆಗಲೇಬೇಕು. ಸಂಜೆ ಅವು ಹಾರುವುದನ್ನು ಎಣಿಸುವ ಕೆಲಸ ಬೇಸಿಗೆಯಲ್ಲೇ ಆಗಬೇಕು, ತಪ್ಪಿದರೆ ಮುಂದಿನ ವರ್ಷದವರೆಗೆ ಕಾಯಬೇಕು.

ನಾಲ್ಕು ತಲೆಮಾರಿನ ಮನೆತನಕ್ಕೇ ಇಷ್ಟು ಪ್ರಶ್ನೆ ಬಂದದ್ದನ್ನು ಕಣ್ಣಾರೆ ನೋಡಿದ್ದೇನೆ. ಬಣ್ಣ ನೋಡಿ ಮಾತಾಡುವವರು ಇಲ್ಲವೇ ಇಲ್ಲ ಅಂತ ನಿಮಗೆ ಸುಳ್ಳು ಹೇಳುವುದಿಲ್ಲ. ಆದರೆ ಅರ್ಜಿಯ ಮೇಲೆ ಅದಕ್ಕೆ ಬೆಲೆ ಇಲ್ಲ. ಪಕ್ಕದ ಮನೆಯ ಬೆಲೆ ಇಳಿಯುತ್ತದೆ, ನಮ್ಮ ಕಿಟಕಿಯ ನೋಟ ಹಾಳಾಗುತ್ತದೆ ಅನ್ನುವುದಕ್ಕೂ ಇಲ್ಲ. ಬೆಳಕು, ಇಣುಕುನೋಟ, ರಸ್ತೆ, ನೀರು, ಊರಿನ ಚಹರೆ, ಇವನ್ನು ನೋಡುತ್ತಾರೆ. ಪ್ಯಾರಿಷ್ ಕೌನ್ಸಿಲ್ ಅಭಿಪ್ರಾಯ ಹೇಳುತ್ತದೆ ಅಷ್ಟೇ, ತೀರ್ಮಾನ ಡಿಸ್ಟ್ರಿಕ್ಟ್ ಕೌನ್ಸಿಲ್‌ದು. ಸಣ್ಣ ಅರ್ಜಿಗೆ ಎಂಟು ವಾರದ ಗಡುವು, ಹಲವು ಸಲ ಅದನ್ನು ಮುಂದಕ್ಕೆ ಹಾಕುತ್ತಾರೆ. ತಿರಸ್ಕರಿಸಿದರೆ ನೀವು ಮೇಲ್ಮನವಿ ಹಾಕಬಹುದು. ಒಪ್ಪಿಗೆ ಸಿಕ್ಕರೆ ಅಕ್ಕಪಕ್ಕದವರಿಗೆ ಆ ಮೇಲ್ಮನವಿ ಇಲ್ಲ. ಅದಕ್ಕೇ ಅವರು ಮೊದಲೇ ಅಷ್ಟು ಜೋರಾಗಿ ಮಾತಾಡುವುದು. ಅರ್ಜಿ ಹಾಕುವ ಮೊದಲು ನಕ್ಷೆ ಹಿಡಿದು ಅವರ ಬಾಗಿಲು ತಟ್ಟಿ. ಕೂತು ಟೀ ಕುಡಿಯಿರಿ.

ಇನ್ನೊಂದು ಮಾತು, ಇದು ನನ್ನ ಮನಸ್ಸಿನದು. ಇಲ್ಲಿ ಹುಟ್ಟಿ ಬೆಳೆದ ಹುಡುಗರಿಗೆ ಇಲ್ಲಿ ಮನೆ ಕೊಳ್ಳಲು ಆಗುತ್ತಿಲ್ಲ. ಶಾಲೆಯ ಸಹಾಯಕಿ, ಕುರಿ ಕಾಯುವವನು, ಇಬ್ಬರೂ ದೂರದ ಪಟ್ಟಣದಿಂದ ಬರುತ್ತಾರೆ. ಇಂಥ ಕಡೆ ಇನ್ನೆರಡು ದೊಡ್ಡ ಮನೆ ಎದ್ದರೆ ನನಗೆ ಸಂತೋಷ ಇಲ್ಲ. ಆದರೆ ರೂರಲ್ ಎಕ್ಸೆಪ್ಷನ್ ಸೈಟ್ ಅಂತ ಒಂದು ನಿಯಮ ಇದೆ. ಸ್ಥಳೀಯರಿಗೆ ಕೈಗೆಟಕುವ ಬೆಲೆಯ ಮನೆಗಳಾದರೆ ಗೆರೆಯ ಹೊರಗಿನ ಸಣ್ಣ ಜಾಗಕ್ಕೂ ಒಪ್ಪಿಗೆ ಕೊಡಬಹುದು. ಲಾಭ ಬಹಳ ಕಡಿಮೆ. ಆ ಹುಲ್ಲುಗಾವಲಿನಲ್ಲಿ ಮುಂದೆ ಏನಾದರೂ ಎದ್ದರೆ ಅಂಥದ್ದೇ ಏಳಲಿ ಅಂತ ನನ್ನ ಆಸೆ.

ಆಫರ್ ಕೊಡುವ ಮೊದಲು ಡಿಸ್ಟ್ರಿಕ್ಟ್ ಕೌನ್ಸಿಲ್ ಜಾಲತಾಣದಲ್ಲಿ ಆ ವಿಳಾಸದ ಹಳೇ ಅರ್ಜಿಗಳನ್ನು ಹುಡುಕಿ. ತಿರಸ್ಕೃತ ಅರ್ಜಿ ಇದ್ದರೆ ಅಧಿಕಾರಿಯ ವರದಿಯನ್ನು ಪೂರ್ತಿ ಓದಿ. ಏಜೆಂಟು ಹೇಳದ್ದೆಲ್ಲ ಅದರಲ್ಲಿರುತ್ತದೆ. ಆಮೇಲೆ ನನಗೆ ಮನೆಯ ಹೆಸರು, ಪೋಸ್ಟ್‌ಕೋಡ್ ಕಳಿಸಿ. ಲಿಸ್ಟೆಡ್ ಹೌದೋ ಅಲ್ಲವೋ, ಗೆರೆಯ ಒಳಗೋ ಹೊರಗೋ, ಇವೆರಡನ್ನು ನಾನೂ ನೋಡಿ ಹೇಳುತ್ತೇನೆ.